ಹೊಡೆದು ಹಾಕಿದ್ದು

ಹಾಸನದ ಮೌಲ್ಯಮಾಪನ ಕೇಂದ್ರ, ಕೋಣೆ ಹನ್ನೊಂದು.
ಜನವರಿಯ ಮಂಜು ಕಿಟಕಿಗೆ ಮೂಗು ಒತ್ತಿ ನಿಂತಿದೆ
ಹಾಜರಾತಿ ಸಾಲದ ಹುಡುಗನ ಹಾಗೆ.
ಕೆಂಪು ಪೆನ್ನು ಚಳಿಗೆ ಹೆಪ್ಪುಗಟ್ಟಿ
ಬಾಯಿಂದ ಊದಿದರೆ ಮಾತ್ರ ಬರೆಯುತ್ತದೆ.

ಪ್ರಶ್ನೆ ಹದಿನಾಲ್ಕು: ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ
ದೊರೆಯ ಪತನಕ್ಕೆ ಕಾರಣಗಳನ್ನು ವಿವರಿಸಿ. ಅಂಕ ಹತ್ತು.
ಸ್ಕೀಮಿನಲ್ಲಿದೆ ಎಲ್ಲ, ತಕ್ಕಡಿಯಲ್ಲಿ ತೂಗಿದಂತೆ:
ದೈವದತ್ತ ಹಕ್ಕಿಗೆ ಎರಡು, ಹಡಗಿನ ತೆರಿಗೆಗೆ ಎರಡು,
ಹನ್ನೊಂದು ವರ್ಷ ಪಾರ್ಲಿಮೆಂಟಿಗೆ ಬೀಗ ಜಡಿದದ್ದಕ್ಕೆ ಎರಡು,
ಅಂತರ್ಯುದ್ಧಕ್ಕೆ ಮೂರು. ಕೊನೆಗೆ ಕೊಡಲಿ,
ಅದಕ್ಕೆ ಒಂದು.

ಮೂವತ್ತೆಂಟು ಮಂದಿ ಒಂದೇ ಗೈಡು ಹಿಡಿದು
ಒಂದೇ ಏಟಿಗೆ ದೊರೆಯನ್ನು ಕೊಂದಿದ್ದರು.
ಮೂವತ್ತೊಂಬತ್ತನೆಯದು
ನೀಲಿ ಇಂಕು, ದುಂಡು ಅಕ್ಷರ, ಕಾರಣ ಒಂದೂ ಇಲ್ಲ.

"ಅವತ್ತು ತುಂಬಾ ಚಳಿ" ಎಂದು ಶುರು.
"ದೊರೆ ಎರಡು ಅಂಗಿ ಕೇಳಿ ತೊಟ್ಟುಕೊಂಡ.
ಚಳಿಗೆ ನಡುಗಿದರೆ ಹೆದರಿದ ಅಂದಾರು ಜನ, ಅದಕ್ಕೆ.
ಬೆಳಗ್ಗೆಯೇ ಕರೆತಂದು ಮಧ್ಯಾಹ್ನದವರೆಗೆ ಕಾಯಿಸಿದರು.
ಯಾಕೆಂದರೆ ಅಪ್ಪನ ತಲೆ ಉರುಳಿದ ಕೂಡಲೇ
ಮಗ ತಾನೇ ತಾನಾಗಿ ದೊರೆಯಾಗಿಬಿಡುತ್ತಾನೆ.
ತಡವಾಗಿ ಹೊಳೆದು, ಸದಸ್ಯರು
ಯಾರನ್ನೂ ದೊರೆಯೆಂದು ಸಾರಕೂಡದು ಅಂತ
ಅವಸರದಲ್ಲಿ ಕಾನೂನು ಮಾಡುತ್ತಿದ್ದರು.
ಅಷ್ಟರಲ್ಲಿ ಆತ ಒಂದು ತುಂಡು ಬ್ರೆಡ್ಡು ತಿಂದ."

ನನಗೆ ನಗು ಬಂತು. ನಮ್ಮ ಪುರಸಭೆಯಲ್ಲೂ ಹೀಗೇ,
ಮೊದಲು ಇಳಿಸುವುದು, ನಡಾವಳಿ ಪುಸ್ತಕ ಆಮೇಲೆ.

ಪುಟ ತಿರುವಿದೆ.
"ಹಿಂದಿನ ದಿನ ಮಕ್ಕಳು ಬಂದಿದ್ದರು. ಮಗಳಿಗೆ ಹದಿಮೂರು.
ಎಂಟರ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ:
ನನ್ನ ತಲೆ ಕಡಿಯುತ್ತಾರೆ ಮಗಾ,
ಆಮೇಲೆ ನಿನ್ನನ್ನೇ ದೊರೆ ಮಾಡುತ್ತೇವೆ ಅಂತಲೂ ಬಂದಾರು.
ಅಣ್ಣಂದಿರು ಇರುವವರೆಗೆ ಕೂರಬೇಡ.
ಹುಡುಗ ಅಂದ: ಚಿಂದಿ ಚಿಂದಿ ಮಾಡಿದರೂ ಕೂರಲ್ಲ.
ಅಪ್ಪನಿಗೆ ಖುಷಿಯಾಯಿತು.
ಮಗಳು ಅಳುತ್ತಲೇ ಇದ್ದಳು. ಎಲ್ಲ ಬರೆದಿಟ್ಟವಳು ಅವಳೇ."

ಅದರ ಕೆಳಗೆ ನಾಲ್ಕು ಸಾಲು
ಸ್ಕೇಲಿಟ್ಟು ಹೊಡೆದು ಹಾಕಿದೆ.
ಹೊಡೆದು ಹಾಕಿದ್ದನ್ನು ಓದಕೂಡದು, ನಿಯಮ.
ಹಾಳೆ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದೆ.

ನಮ್ಮಪ್ಪನ ಮೇಲೆ ಅವಿಶ್ವಾಸ ಬಂದ ದಿನ
ಎರಡು ಸಲ ಗಡ್ಡ ಹೆರೆದುಕೊಂಡರು.
ನಾಳೆ ಯಾರಾದರೂ ಕರೆದರೆ ಜೀಪು ಹತ್ತಬೇಡ
ಅಂದರು ತಮ್ಮನಿಗೆ. ನನಗೆ ಹೇಳಿದ್ದು

ಅಲ್ಲಿ ಪೆನ್ನು ಒತ್ತಿ ಹಾಳೆ ಹರಿದಿದೆ.

ಯಾವ ಊರಿನವಳೋ. ಆಲೂರೋ, ಅರಕಲಗೂಡೋ,
ಜಾವಗಲ್ಲಿನ ಕಡೆಯೋ.
ನೋಂದಣಿ ಸಂಖ್ಯೆ ಮಡಿಚಿ ಗೋಂದು ಹಾಕಿದ್ದಾರೆ.
ನನಗೂ ಹೆಸರಿಲ್ಲ ಇಲ್ಲಿ, ಒಂದು ಕೋಡ್ ನಂಬರು.
ಕೊಡಲಿ ಹಿಡಿದವನೂ ಮುಸುಕು ಹಾಕಿದ್ದನಂತೆ.

"ಏನ್ ಮೇಡಂ, ಕಥೆ ಓದ್ತಿದೀರಾ?"
ಮುಖ್ಯ ಪರೀಕ್ಷಕರು, ನಂಜೇದೇವರು.
"ಸ್ಕೀಮಲ್ಲಿ ಇಲ್ದಿದ್ರೆ ಸೊನ್ನೆ ಸುತ್ತಿ, ಮುಂದೆ ಹೋಗಿ."
ಪಕ್ಕದ ಮೇಜಿನ ಜಬೀನಾ ಬಗ್ಗಿ ನೋಡಿ
"ಕೊಡಲಿಗೆ ಒಂದಾದ್ರೂ ಕೊಡಿ" ಅಂದರು.
ಕೊಡಲಿ ಬರೆದೇ ಇಲ್ಲ ಇವಳು, ಅಂದೆ.

ಅಂಗಿಗೊಂದು ಅಂಕದಂತೆ ಎರಡು.
ಆ ಅವಸರದ ಕಾನೂನಿಗೆ ಎರಡು:
ಅದೇ ಅಲ್ಲವೇ ರಾಜಕೀಯ, ಸ್ಕೀಮು ಬರೆದವರು ಮರೆತದ್ದು.
ಬರೆದಿಟ್ಟ ಮಗಳಿಗೆ
ಎಷ್ಟು?
ಮುಂದಿನ ವರ್ಷವೇ ಸೆರೆಯಲ್ಲಿ ಜ್ವರ ಬಂದು ಹೋದಳು ಆಕೆ, ಹದಿನಾಲ್ಕಕ್ಕೆ.
ಇವಳು ಅದನ್ನು ಬರೆದಿಲ್ಲ. ಗೊತ್ತಿಲ್ಲವೋ,
ಗೊತ್ತಿದ್ದೂ ಬಿಟ್ಟಳೋ.
ಪೆನ್ನು ನಿಂತಿತು. ಊದಿದೆ. ಒಂದು ಹಾಕಿದೆ.

ಮಧ್ಯಾಹ್ನ ಮಹಾರಾಜ ಪಾರ್ಕಿನ ಹತ್ತಿರ ಟೀ ಕುಡಿದೆವು.
ಯಾವ ಮಹಾರಾಜ ಅಂತ ಅಂಗಡಿಯವನಿಗೆ ಗೊತ್ತಿರಲಿಲ್ಲ.
ಬಿಸಿಲು ಬಂದರೂ ನಾನು ಸ್ವೆಟರ್ ತೆಗೆಯಲಿಲ್ಲ.

ಸಂಜೆ ನಂಜೇದೇವರು ಹಸಿರು ಪೆನ್ನು ತೆಗೆದು
ನನ್ನ ಐದನ್ನು ಹೊಡೆದು ನಾಲ್ಕು ಮಾಡಿದರು,
ಪಕ್ಕದಲ್ಲಿ ಸಹಿ.
ಗೆರೆಯ ಕೆಳಗೆ ಐದು ಕಾಣುತ್ತಲೇ ಇತ್ತು.